ಕೂನೂರಿನ ಮೊಮ್ಮಗ, ಗುಪ್ತಲಿಪಿಯ ಗುರು ಅಲನ್ ಟ್ಯೂರಿಂಗ್

1908ನೇ ಇಸವಿ ನೀಲಗಿರಿಯ ಪಾಲಿಗೆ ರೈಲಿನ ವರ್ಷ. ಮೇಟುಪಾಳ್ಯದಿಂದ ಹೊರಟ ಬೆಟ್ಟದ ರೈಲು 1899ರಲ್ಲೇ ಕೂನೂರು ಮುಟ್ಟಿತ್ತು. ಊಟಿಗೆ ಅದು ಹತ್ತಿದ್ದು 1908ರ ಅಕ್ಟೋಬರಿನಲ್ಲಿ. ಅದಕ್ಕೆ ಆರು ವಾರ ಮುಂಚೆ, ಸೆಪ್ಟೆಂಬರ್ 1ರಂದು, ಕೂನೂರಿನ ಒಬ್ಬ ರೈಲ್ವೆ ಇಂಜಿನಿಯರ ಮನೆಯಲ್ಲಿ ಮಗಳಿಗೆ ಚೊಚ್ಚಲ ಹೆರಿಗೆಯಾಯಿತು. ಗಂಡು ಮಗು, ಜಾನ್ ಎಂದು ಹೆಸರಿಟ್ಟರು. ನಾಲ್ಕು ವರ್ಷದ ನಂತರ ಆ ತಾಯಿಗೆ ಲಂಡನ್ನಿನಲ್ಲಿ ಇನ್ನೊಂದು ಗಂಡು ಮಗು ಹುಟ್ಟಿತು. ಅವನೇ ಅಲನ್ ಟ್ಯೂರಿಂಗ್.

ಕಂಪ್ಯೂಟರ್ ಓದಿದ ಮಕ್ಕಳಿಗೆ ಈ ಹೆಸರು ಗೊತ್ತು. ನಮ್ಮ ಗೂಡಲೂರು, ಮಸಿನಗುಡಿ ಕಡೆಯಿಂದ ಬೆಂಗಳೂರಿಗೋ ಕೊಯಮತ್ತೂರಿಗೋ ಸಾಫ್ಟ್‌ವೇರ್ ಕೆಲಸಕ್ಕೆ ಹೋದವರನ್ನು ಕೇಳಿದರೆ ಟ್ಯೂರಿಂಗ್ ಮೆಷಿನ್ ಬಗ್ಗೆ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದದ್ದನ್ನು ನೆನಪಿಸಿಕೊಂಡಾರು. ಆದರೆ ಆ ಮನುಷ್ಯನ ತಾಯಿಯ ಮನೆ ಇದೇ ಬೆಟ್ಟದಲ್ಲಿತ್ತು ಎನ್ನುವುದು ಎಷ್ಟು ಜನಕ್ಕೆ ಗೊತ್ತು?

ಬಳ್ಳಾರಿಯಲ್ಲಿ ಅಪ್ಪ, ಬೆಟ್ಟದಲ್ಲಿ ಅಜ್ಜ

ಅಜ್ಜನ ಹೆಸರು ಎಡ್ವರ್ಡ್ ವಾಲರ್ ಸ್ಟೋನಿ. ಐರ್ಲೆಂಡಿನ ಮೂಲದವರು. ಮದ್ರಾಸ್ ರೈಲ್ವೆಯಲ್ಲಿ ಸೇರಿ ಮುಖ್ಯ ಇಂಜಿನಿಯರ್ ಹುದ್ದೆಯವರೆಗೆ ಏರಿದವರು. ತುಂಗಭದ್ರೆಗೆ ರೈಲ್ವೆ ಸೇತುವೆ ಕಟ್ಟಿಸಿದ ಹೊಣೆ ಅವರದು. ಸದ್ದು ಮಾಡದ ಪಂಖಾ ಚಕ್ರವೊಂದನ್ನು ಕಂಡುಹಿಡಿದು ಪೇಟೆಂಟ್ ಕೂಡ ಮಾಡಿಸಿದ್ದರು. ಎಲೆಕ್ಟ್ರಾನ್ ಎಂಬ ಹೆಸರು ಕೊಟ್ಟ ವಿಜ್ಞಾನಿ ಜಾರ್ಜ್ ಜಾನ್‌ಸ್ಟನ್ ಸ್ಟೋನಿ ಇವರಿಗೆ ದೂರದ ಸಂಬಂಧಿ. ಸ್ಟೋನಿಯವರ ಮಗಳು ಎಥೆಲ್ ಸಾರಾ 1881ರಲ್ಲಿ ಹುಟ್ಟಿದ್ದು ಕೊಯಮತ್ತೂರಿನ ಪಕ್ಕದ ಪೋದನೂರಿನಲ್ಲಿ. ರೈಲ್ವೆಯವರ ಊರು ಅದು.

ಅಪ್ಪ ಜೂಲಿಯಸ್ ಟ್ಯೂರಿಂಗ್ ಐ.ಸಿ.ಎಸ್. ಅಧಿಕಾರಿ. ತಮಿಳು ಕಲಿತು ಹಡಗು ಹತ್ತಿದವರು, ಇಲ್ಲಿಗೆ ಬಂದ ಮೇಲೆ ತೆಲುಗನ್ನೂ ಕಲಿತರು. ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಅಸಿಸ್ಟೆಂಟ್ ಕಲೆಕ್ಟರ್ ಆಗಿ ನೀರಾವರಿ, ನೈರ್ಮಲ್ಯ, ಸಿಡುಬಿನ ಲಸಿಕೆ ಅಂತ ವರದಿ ಬರೆಯುತ್ತ ಹತ್ತು ವರ್ಷ ಕಳೆದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1907ರಲ್ಲಿ ರಜೆಗೆಂದು ಊರಿಗೆ ಹೊರಟಾಗ ಹಡಗಿನಲ್ಲಿ ಎಥೆಲ್ ಪರಿಚಯವಾಯಿತು. ಅದೇ ವರ್ಷ ಡಬ್ಲಿನ್ನಿನಲ್ಲಿ ಮದುವೆ.

ಮುಂದಿನ ಕೆಲವು ವರ್ಷ ವರ್ಗಾವಣೆಯ ಮೇಲೆ ವರ್ಗಾವಣೆ. ಪಾರ್ವತೀಪುರ, ಅನಂತಪುರ, ಬೆಜವಾಡ, ಕೊನೆಗೆ ಒರಿಸ್ಸಾದ ಕಡೆಯ ಛತ್ರಪುರ. ಅಲ್ಲಿರುವಾಗಲೇ ಎಥೆಲ್ ಎರಡನೇ ಸಲ ಬಸುರಿಯಾದರು. ಹೆರಿಗೆಗೆ ಇಂಗ್ಲೆಂಡಿಗೆ ಹೋದರು. 1912ರ ಜೂನ್ 23ರಂದು ಅಲನ್ ಹುಟ್ಟಿದ.

ಇಲ್ಲಿಯ ಹವೆ ಮಗುವಿಗೆ ಆಗಿಬರುವುದಿಲ್ಲ ಅಂತ ತಂದೆ ತಾಯಿ ಅವನನ್ನು ಇಲ್ಲಿಗೆ ಕರೆತರಲಿಲ್ಲ. ಕೂನೂರಿನ ಹವೆಯನ್ನು ಹುಡುಕಿಕೊಂಡು ಬರುವ ಕಾಲ ಇದು, ಆಗ ಹಾಗಿತ್ತು. ಸೇಂಟ್ ಲಿಯೊನಾರ್ಡ್ಸ್ ಎಂಬ ಕಡಲತೀರದ ಊರಿನಲ್ಲಿ ಒಬ್ಬ ನಿವೃತ್ತ ಕರ್ನಲ್ ದಂಪತಿಯ ಮನೆಯಲ್ಲಿ ಅಣ್ಣ ತಮ್ಮ ಇಬ್ಬರನ್ನೂ ಬಿಟ್ಟು ಅಪ್ಪ ಅಮ್ಮ ಮದ್ರಾಸಿಗೆ ಮರಳಿದರು. ಒಂದೂಕಾಲು ವರ್ಷದ ಕೂಸನ್ನು ಪರರ ಮನೆಯಲ್ಲಿ ಬಿಟ್ಟು ಬಂದರು ಅಂದರೆ ನಮ್ಮ ಅಜ್ಜಿಯರು ಬಾಯಿ ಮೇಲೆ ಬೆರಳಿಡುತ್ತಿದ್ದರು. ಆದರೆ ಆಗಿನ ಬಿಳಿ ಅಧಿಕಾರಿಗಳ ಮನೆಗಳಲ್ಲಿ ಅದು ರೂಢಿ. ಬಡ್ತಿ ವಿಷಯದಲ್ಲಿ ಮನಸ್ಸು ಕೆಟ್ಟು ಜೂಲಿಯಸ್ 1924ರಲ್ಲಿ ರಾಜೀನಾಮೆ ಕೊಟ್ಟರು. ಅಲ್ಲಿಗೆ ಭಾರತದ ನಂಟು ಮುಗಿಯಿತು.

ಸೈಕಲ್ ಹುಡುಗ

ಹುಡುಗ ಒಂಟಿ. ಅಕ್ಷರ ಕೆಟ್ಟದು, ಬಟ್ಟೆಯ ಮೇಲೆಲ್ಲ ಶಾಯಿ. 1926ರಲ್ಲಿ ಷೆರ್ಬೋರ್ನ್ ಶಾಲೆಗೆ ಸೇರಬೇಕಾದ ದಿನ ಇಡೀ ಇಂಗ್ಲೆಂಡಿನಲ್ಲಿ ಮುಷ್ಕರ, ರೈಲಿಲ್ಲ. ಹದಿಮೂರು ವರ್ಷದ ಹುಡುಗ ಬಂದರಿನಿಂದ ಸೈಕಲ್ ತುಳಿದುಕೊಂಡು ಸುಮಾರು 60 ಮೈಲಿ ದೂರದ ಶಾಲೆಗೆ ಹೋಗಿ ಸೇರಿದ. ಅಲ್ಲಿ ಸಿಕ್ಕ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್. ಇಬ್ಬರಿಗೂ ನಕ್ಷತ್ರ, ಗಣಿತದ ಹುಚ್ಚು. 1930ರ ಫೆಬ್ರವರಿಯಲ್ಲಿ ಕ್ರಿಸ್ಟೋಫರ್ ಕ್ಷಯದಿಂದ ತೀರಿಕೊಂಡ. ಆ ಸಾವು ಅಲನ್ ಮನಸ್ಸಿನಿಂದ ಕೊನೆಯವರೆಗೂ ಹೋಗಲಿಲ್ಲ.

ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಗಣಿತ ಓದಿ, 22ನೇ ವಯಸ್ಸಿಗೇ ಅಲ್ಲಿ ಫೆಲೋ ಆದರು. 1936ರ ಪ್ರಬಂಧದಲ್ಲಿ ಒಂದು ಉದ್ದನೆಯ ಪಟ್ಟಿ, ಅದರ ಮೇಲೆ ಗುರುತು ಹಾಕುವ, ಅಳಿಸುವ ಒಂದು ಕಾಲ್ಪನಿಕ ಯಂತ್ರ, ಇಷ್ಟೇ ಇಟ್ಟುಕೊಂಡು ಲೆಕ್ಕ ಅಂದರೇನು ಎಂಬುದಕ್ಕೆ ಉತ್ತರ ಕೊಟ್ಟರು. ಒಂದೇ ಯಂತ್ರಕ್ಕೆ ಬೇರೆ ಬೇರೆ ಸೂಚನೆ ಕೊಟ್ಟು ಯಾವ ಕೆಲಸವನ್ನಾದರೂ ಮಾಡಿಸಬಹುದು ಎನ್ನುವ ಮಾತು ಅಲ್ಲಿದೆ. ಇವತ್ತು ನಮ್ಮ ಅಂಗಿ ಜೇಬಿನಲ್ಲಿರುವುದು ಅದೇ ಯಂತ್ರ.

ಅಲ್ಲಿಂದ ಅಮೆರಿಕದ ಪ್ರಿನ್ಸ್‌ಟನ್. ಗುಪ್ತಲಿಪಿಯ ಗೀಳು ಹತ್ತಿದ್ದು ಅಲ್ಲೇ. ಸಂದೇಶವನ್ನು ಅಂಕಿಯಾಗಿ ಬರೆದುಕೊಂಡು ಒಂದು ಭಾರಿ ಗುಟ್ಟಿನ ಸಂಖ್ಯೆಯಿಂದ ಗುಣಿಸಿ ಕಳಿಸಿದರೆ ಹೇಗೆ ಎಂದು ಯೋಚಿಸಿದರು. ನೂರು ಜನ ಜರ್ಮನರು ದಿನಕ್ಕೆ ಎಂಟು ಗಂಟೆಯಂತೆ ನೂರು ವರ್ಷ ಕೂತು ಹುಡುಕಿದರೂ ಆ ಸಂಖ್ಯೆ ಸಿಗಬಾರದು, ಅಷ್ಟು ದೊಡ್ಡದಿರಬೇಕು ಎಂಬುದು ಲೆಕ್ಕಾಚಾರ. ಗುಣಿಸಲು ಬೇಕಾದ ವಿದ್ಯುತ್ ಯಂತ್ರದ ಬಿಡಿಭಾಗಗಳನ್ನು ಅಲ್ಲಿಯ ವರ್ಕ್‌ಶಾಪಿನಲ್ಲಿ ತಾವೇ ಕೂತು ಮಾಡಿದರು. ಇಂಥದ್ದನ್ನು ಸರ್ಕಾರಕ್ಕೆ ಮಾರಿದರೆ ದುಡ್ಡು ಬರುತ್ತದೆ, ಆದರೆ ಅದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ ಎಂಬ ಅರ್ಥದಲ್ಲಿ ತಾಯಿಗೆ ಕಾಗದ ಬರೆದದ್ದೂ ಉಂಟು.

ಬೀಗ ಗಟ್ಟಿ, ಕೈ ಸಡಿಲ

1939ರ ಸೆಪ್ಟೆಂಬರ್ 4. ಯುದ್ಧ ಘೋಷಣೆಯಾದ ಮರುದಿನ ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಎಂಬ ಹಳ್ಳಿಗಾಡಿನ ಬಂಗಲೆಗೆ ಹಾಜರಾದರು. ಬ್ರಿಟಿಷರ ಗುಪ್ತಲಿಪಿ ಕಚೇರಿ ಅಲ್ಲಿತ್ತು. ಎದುರಿಗಿದ್ದದ್ದು ಜರ್ಮನರ ಎನಿಗ್ಮಾ.

ನೋಡಲು ಅದು ಟೈಪ್‌ರೈಟರ್ ಇದ್ದಂತೆ. ಒಂದು ಅಕ್ಷರ ಒತ್ತಿದರೆ ಒಳಗಿನ ಚಕ್ರಗಳನ್ನು ಹಾದು ಬೇರೊಂದು ಅಕ್ಷರದ ದೀಪ ಹತ್ತುತ್ತದೆ. ಪ್ರತಿ ಒತ್ತಿಗೂ ಚಕ್ರ ತಿರುಗುವುದರಿಂದ ಅದೇ ಅಕ್ಷರ ಮತ್ತೆ ಒತ್ತಿದರೆ ದೀಪ ಬೇರೆ. ಐದರಲ್ಲಿ ಮೂರು ಚಕ್ರ ಆರಿಸಿ, ಹತ್ತು ಜೋಡಿ ತಂತಿ ಸಿಕ್ಕಿಸಿ ಅದನ್ನು ಹೊಂದಿಸುವ ವಿಧಾನಗಳೆಷ್ಟು ಅಂದರೆ 159ರ ಮುಂದೆ 18 ಸೊನ್ನೆ ಬರೆಯಬೇಕು. ಜರ್ಮನರು ನಿಶ್ಚಿಂತೆಯಾಗಿದ್ದದ್ದು ಸಹಜ.

ಆದರೆ ಬೀಗ ಎಷ್ಟೇ ಗಟ್ಟಿಯಿರಲಿ, ಹಾಕುವವನು ಮನುಷ್ಯ. ಮೊದಮೊದಲು ಪ್ರತಿ ಸಂದೇಶದ ಶುರುವಿನಲ್ಲಿ ಕೀಲಿಯ ಮೂರಕ್ಷರವನ್ನು ಎರಡೆರಡು ಸಲ ಒತ್ತುವ ನಿಯಮವಿತ್ತು. ತಪ್ಪಾಗಬಾರದು ಅಂತ ಮಾಡಿದ ನಿಯಮವೇ ಮುಳುವಾಯಿತು. ಪೋಲೆಂಡಿನ ಮೂವರು ಗಣಿತಜ್ಞರು, ರೆಯೆವ್ಸ್ಕಿ, ರುಝಿಟ್ಸ್ಕಿ, ಝಿಗಾಲ್ಸ್ಕಿ, ಆ ಬಿರುಕಿನಿಂದಲೇ ಒಳನುಗ್ಗಿದ್ದರು. ರೆಯೆವ್ಸ್ಕಿ 1932ರಲ್ಲೇ ಯಂತ್ರದ ಒಳಗಿನ ತಂತಿ ಜಾಡನ್ನು ಲೆಕ್ಕದಿಂದ ಪತ್ತೆಹಚ್ಚಿದ್ದರು. 1939ರ ಜುಲೈನಲ್ಲಿ ಅವರು ತಮಗೆ ತಿಳಿದದ್ದನ್ನೆಲ್ಲ ಬ್ರಿಟಿಷರಿಗೂ ಫ್ರೆಂಚರಿಗೂ ಧಾರೆ ಎರೆದರು. ಸಿನಿಮಾಗಳಲ್ಲಿ ಟ್ಯೂರಿಂಗ್ ಒಬ್ಬರೇ ಎಲ್ಲ ಮಾಡಿದಂತೆ ತೋರಿಸುತ್ತಾರೆ. ಅದು ಸರಿಯಲ್ಲ, ಪೋಲೆಂಡಿನವರಿಗೆ ಅನ್ಯಾಯ.

ಟ್ಯೂರಿಂಗ್ ಹಿಡಿದದ್ದು ಇನ್ನೊಂದು ದಾರಿ. ಸೈನ್ಯದವರು ಬರೆಯುವುದು ಹೆಚ್ಚುಕಡಿಮೆ ಒಂದೇ ಥರ. ಹವಾಮಾನ ವರದಿಯಲ್ಲಿ ಹವಾಮಾನ ಎಂಬ ಪದ ಇದ್ದೇ ಇರುತ್ತದೆ. ಎನಿಗ್ಮಾದ ಒಂದು ದೋಷವೆಂದರೆ ಯಾವ ಅಕ್ಷರವೂ ತಾನೇ ತಾನಾಗಿ ಹೊರಬರುವುದಿಲ್ಲ. ಊಹಿಸಿದ ಪದವನ್ನು ಗುಪ್ತಲಿಪಿಯ ಕೆಳಗೆ ಸರಿಸುತ್ತ ಹೋದರೆ ಎಲ್ಲಿ ಕೂರುವುದಿಲ್ಲ ಎಂಬುದು ತಿಳಿಯುತ್ತದೆ. ಕೂರಬಹುದಾದ ಜಾಗ ಸಿಕ್ಕ ಮೇಲೆ ಚಕ್ರಗಳ ಹೊಂದಾಣಿಕೆಯನ್ನು ಯಂತ್ರ ಹುಡುಕಲಿ. ಆ ಯಂತ್ರಕ್ಕೆ ಬಾಂಬ್ ಎಂದು ಹೆಸರು, ಸಿಡಿಯುವ ಬಾಂಬಲ್ಲ. ಪೋಲೆಂಡಿನವರ ಯಂತ್ರದ ಹೆಸರನ್ನೇ ಉಳಿಸಿಕೊಂಡಿದ್ದರು. ಮೊದಲನೆಯದು 1940ರ ಮಾರ್ಚ್‌ನಲ್ಲಿ ಬಂತು. ಗಾರ್ಡನ್ ವೆಲ್ಚ್‌ಮನ್ ಸೂಚಿಸಿದ ತಿದ್ದುಪಡಿಯೊಂದಿಗೆ ಅದೇ ಆಗಸ್ಟಿನಲ್ಲಿ ಬಂದ ಎರಡನೆಯದು ಚುರುಕಾಗಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಅಂಥ ಸುಮಾರು 200 ಯಂತ್ರ. ನಡೆಸುತ್ತಿದ್ದವರು ಬಹುಪಾಲು ನೌಕಾದಳದ ಹುಡುಗಿಯರು.

ನೌಕಾಪಡೆಯ ಎನಿಗ್ಮಾ ಇನ್ನೂ ಕಷ್ಟದ್ದು. ಅದನ್ನು ಯಾರೂ ಮುಟ್ಟಲೊಲ್ಲರು, ಆದ್ದರಿಂದ ತಮ್ಮ ಪಾಡಿಗೆ ಒಬ್ಬರೇ ಕೂರಬಹುದು ಅಂತ ಟ್ಯೂರಿಂಗ್ ಅದನ್ನೇ ಆರಿಸಿಕೊಂಡರು. ಅಟ್ಲಾಂಟಿಕ್‌ನಲ್ಲಿ ಆಹಾರದ ಹಡಗುಗಳು ಜರ್ಮನ್ ಜಲಾಂತರ್ಗಾಮಿಗಳಿಗೆ ಬಲಿಯಾಗುತ್ತಿದ್ದ ಕಾಲ. 1941ರಲ್ಲಿ ಸಂದೇಶ ಓದಲು ಸಾಧ್ಯವಾಯಿತು. 1942ರ ಫೆಬ್ರವರಿಯಲ್ಲಿ ಜರ್ಮನರು ನಾಲ್ಕನೇ ಚಕ್ರ ಸೇರಿಸಿದ್ದೇ ತಡ, ಹತ್ತು ತಿಂಗಳು ಮತ್ತೆ ಕತ್ತಲು. ಆ ಅಕ್ಟೋಬರಿನಲ್ಲಿ ಮುಳುಗುತ್ತಿದ್ದ ಯು-559 ಎಂಬ ಜಲಾಂತರ್ಗಾಮಿಯೊಳಕ್ಕೆ ಇಳಿದು ಸಂಕೇತ ಪುಸ್ತಕಗಳನ್ನು ಮೇಲಕ್ಕೆ ಕೊಟ್ಟ ಫ್ಯಾಸನ್ ಮತ್ತು ಗ್ರೇಜಿಯರ್ ಎಂಬ ಇಬ್ಬರು ನಾವಿಕರು ಅದರೊಂದಿಗೇ ಮುಳುಗಿದರು. ಲೆಕ್ಕದ ಜಾಣತನಕ್ಕೆ ಇಂಥ ಪ್ರಾಣಗಳ ಆಸರೆಯೂ ಬೇಕಾಯಿತು.

ಬ್ಲೆಚ್ಲಿಯಲ್ಲಿ ಅವರ ವಿಚಿತ್ರಗಳು ಹಲವು. ಹೂಧೂಳಿಗೆ ಮೂಗು ಸೋರುತ್ತದೆಂದು ಗ್ಯಾಸ್ ಮಾಸ್ಕ್ ಹಾಕಿಕೊಂಡು ಸೈಕಲ್ ಹೊಡೆಯುವುದು, ಚಹಾದ ಲೋಟವನ್ನು ಸರಪಳಿಯಿಂದ ಕಟ್ಟಿಡುವುದು. ಜರ್ಮನರು ಬಂದರೆ ಬ್ಯಾಂಕಿನ ದುಡ್ಡು ಹೋದೀತೆಂದು ಎರಡು ಬೆಳ್ಳಿ ಗಟ್ಟಿ ಕೊಂಡು ಕಾಡಿನಲ್ಲಿ ಹೂತರು, ಜಾಗದ ಗುರುತನ್ನು ಗುಪ್ತಲಿಪಿಯಲ್ಲಿ ಬರೆದಿಟ್ಟರು. ಯುದ್ಧ ಮುಗಿದ ಮೇಲೆ ಎಷ್ಟು ಹುಡುಕಿದರೂ ಬೆಳ್ಳಿ ಸಿಗಲಿಲ್ಲ! ಜಗತ್ತಿನ ಗುಟ್ಟು ಬಿಡಿಸಿದವರಿಗೆ ತಮ್ಮ ಗಂಟು ಬಿಡಿಸಲಾಗಲಿಲ್ಲ.

ಒಡೆಯುವವರು ಕಟ್ಟಲು ಕೂತಾಗ

ಗುಪ್ತಲಿಪಿ ಒಡೆದ ಟ್ಯೂರಿಂಗರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದನ್ನು ಕಟ್ಟಿದ ಟ್ಯೂರಿಂಗರ ಬಗ್ಗೆ ಬರೆಯುವವರು ಕಡಿಮೆ. 1942ರ ಕೊನೆಗೆ ಅವರನ್ನು ಅಮೆರಿಕಕ್ಕೆ ಕಳಿಸಿದರು. ರೂಸ್‌ವೆಲ್ಟ್, ಚರ್ಚಿಲ್ ಕಡೆಯವರು ಫೋನಿನಲ್ಲಿ ಮಾತಾಡಿದ್ದು ಯಾರಿಗೂ ಕೇಳದಂತೆ ಬೆಲ್ ಲ್ಯಾಬ್ಸ್‌ನವರು ಒಂದು ವ್ಯವಸ್ಥೆ ಮಾಡುತ್ತಿದ್ದರು, ಸಿಗ್‌ಸಾಲಿ ಎಂದು ಹೆಸರು. ತೂಕ 50 ಟನ್ನಿಗೂ ಹೆಚ್ಚು. ಅದು ನಂಬಿಕೆಗೆ ಅರ್ಹವೇ ಎಂದು ಪರೀಕ್ಷಿಸುವುದು ಟ್ಯೂರಿಂಗರ ಕೆಲಸ.

ಮರಳಿ ಬಂದವರು ಹ್ಯಾನ್‌ಸ್ಲೋಪ್ ಪಾರ್ಕ್‌ನಲ್ಲಿ ಡೊನಾಲ್ಡ್ ಬೇಲಿ ಎಂಬ ಯುವ ಇಂಜಿನಿಯರ್ ಜೊತೆ ಸೇರಿ ಮೇಜಿನ ಮೇಲೆ ಇಡಬಹುದಾದ ಯಂತ್ರ ಮಾಡಿದರು. ಅದಕ್ಕಿಟ್ಟ ಹೆಸರು ಡಿಲೈಲಾ. ಬೈಬಲ್ಲಿನಲ್ಲಿ ಗುಟ್ಟು ರಟ್ಟು ಮಾಡಿದ ಹೆಂಗಸಿನ ಹೆಸರನ್ನು ಗುಟ್ಟು ಕಾಯುವ ಯಂತ್ರಕ್ಕೆ ಇಟ್ಟರೆಂದರೆ ಅವರ ತಮಾಷೆ ಅರ್ಥವಾಗುತ್ತದೆ. ಮಾತನ್ನು ಸೆಕೆಂಡಿಗೆ ಸಾವಿರಾರು ತುಣುಕು ಮಾಡಿ, ಪ್ರತಿ ತುಣುಕಿಗೂ ಕೀಲಿಯಿಂದ ಹುಟ್ಟಿದ ಒಂದು ಬೆಲೆ ಕೂಡಿಸಿ ಕಳಿಸುವುದು; ಆ ಕಡೆಯವರು ಅದೇ ಬೆಲೆ ಕಳೆದು ಕೇಳುವುದು. ನಡುವೆ ಕದ್ದು ಕೇಳಿದವರಿಗೆ ಬರೀ ಗೊರಗೊರ. ಚರ್ಚಿಲ್ಲರ ಭಾಷಣದ ಧ್ವನಿಮುದ್ರಿಕೆ ಹಾಕಿ ಅದನ್ನು ತೋರಿಸಿದರು. ಯಂತ್ರ ಸಿದ್ಧವಾಗುವಷ್ಟರಲ್ಲಿ ಯುದ್ಧವೇ ಮುಗಿಯಿತು, ಬಳಕೆಗೆ ಬರಲಿಲ್ಲ.

ಇನ್ನೊಂದು ಸಂಗತಿ, ನಮ್ಮ ಸಾಫ್ಟ್‌ವೇರ್ ಮಕ್ಕಳು ಗಮನಿಸಬೇಕಾದದ್ದು. ಯುದ್ಧ ಮುಗಿದ ಮೇಲೆ ಟ್ಯೂರಿಂಗ್ ರಾಷ್ಟ್ರೀಯ ಭೌತ ಪ್ರಯೋಗಾಲಯ ಸೇರಿ ಎ.ಸಿ.ಇ. ಎಂಬ ಕಂಪ್ಯೂಟರಿನ ಯೋಜನೆ ಬರೆದರು. 1946ರ ಆರಂಭದಲ್ಲಿ ಅದು ಸಮಿತಿಯ ಮುಂದೆ ಬಂತು. ಪದೇ ಪದೇ ಬೇಕಾಗುವ ಲೆಕ್ಕದ ಸೂಚನೆಗಳನ್ನು ಒಮ್ಮೆ ಸರಿಯಾಗಿ ಬರೆದು ಇಟ್ಟುಕೊಂಡರಾಯಿತು, ಬೇಕಾದ ಕಡೆಯಿಂದ ಕರೆಯಬಹುದು ಎನ್ನುವ ಏರ್ಪಾಡು ಅದರಲ್ಲಿದೆ. ಕರೆದ ಜಾಗ ಮರೆಯದಿರಲು ಅದನ್ನು ಹೂತಿಡುವುದು, ಕೆಲಸ ಮುಗಿದ ಮೇಲೆ ಅಗೆದು ತೆಗೆದು ಅಲ್ಲಿಗೇ ಮರಳುವುದು. ಹೂಳು, ಅಗೆ ಎಂಬ ಅರ್ಥದ ಪದಗಳನ್ನೇ ಅವರು ಬಳಸಿದ್ದರು. ಈಗ ಪ್ರೋಗ್ರಾಮರುಗಳು ಲೈಬ್ರರಿ ಎನ್ನುವುದು ಬೆಳೆದದ್ದು ಇಂಥ ಯೋಚನೆಯಿಂದ.

ಇವತ್ತು ಬ್ಯಾಂಕಿಗೋ ಆಸ್ಪತ್ರೆಗೋ ಆಪ್ ಬರೆಯುವ ಹುಡುಗಿ ಗುಪ್ತಲಿಪಿಯನ್ನು ತಾನೇ ಹೊಸದಾಗಿ ಹೊಸೆಯುವುದಿಲ್ಲ, ಹೊಸೆಯಲೂ ಬಾರದು. ಓಪನ್ ಎಸ್‌ಎಸ್‌ಎಲ್, ಲಿಬ್‌ಸೋಡಿಯಂ ಮುಂತಾದ ಸಿದ್ಧ ಲೈಬ್ರರಿಗಳಿವೆ. ಸಂದೇಶ ಮತ್ತು ಕೀಲಿ ಕೊಟ್ಟು ಕರೆದರೆ ಅದು ಸಂದೇಶವನ್ನು ಮುಚ್ಚಿ ಕೊಡುತ್ತದೆ, ದಾರಿಯಲ್ಲಿ ಯಾರಾದರೂ ಒಂದಕ್ಷರ ತಿದ್ದಿದ್ದರೆ ಹಿಡಿದುಕೊಡುತ್ತದೆ, ಕಳಿಸಿದವರು ಅವರೇ ಹೌದೇ ಎಂದು ನೋಡುತ್ತದೆ. ಒಳಗಿರುವ ಎ.ಇ.ಎಸ್. ಎಂಬ ಸೂತ್ರ 2001ರಿಂದ ಅಮೆರಿಕ ಸರ್ಕಾರದ ಅಧಿಕೃತ ಮಾನಕ. ಅದು ಗುಟ್ಟಲ್ಲ, ಯಾರು ಬೇಕಾದರೂ ಓದಬಹುದು. ಗುಟ್ಟಾಗಿರಬೇಕಾದದ್ದು ಕೀಲಿ ಮಾತ್ರ.

ಹಾಗಾದರೆ ತಪ್ಪುವುದೆಲ್ಲಿ? ಜರ್ಮನ್ ಸಿಪಾಯಿ ತಪ್ಪಿದ ಕಡೆಯೇ. ಕೆಲವು ಸಿಪಾಯಿಗಳು ಕೀಲಿಗೆ ಪ್ರೇಯಸಿಯ ಹೆಸರಿನ ಅಕ್ಷರವನ್ನೋ ಕೀಲಿಮಣೆಯಲ್ಲಿ ಅಕ್ಕಪಕ್ಕ ಇರುವ ಅಕ್ಷರವನ್ನೋ ಒತ್ತುತ್ತಿದ್ದರು. ಇಂದಿನವರು ಕೀಲಿಯನ್ನು ಪ್ರೋಗ್ರಾಮಿನೊಳಗೇ ಬರೆದುಬಿಡುತ್ತಾರೆ. ಪ್ರತಿ ಸಲ ಹೊಸದಾಗಿ ಆರಿಸಬೇಕಾದ ಸಂಖ್ಯೆಯನ್ನು ಒಂದೇ ಇಟ್ಟುಬಿಡುತ್ತಾರೆ. 2010ರಲ್ಲಿ ಸೋನಿ ಕಂಪನಿಯ ಪ್ಲೇಸ್ಟೇಷನ್ 3 ಆಟದ ಯಂತ್ರದ ಸಹಿ ಕೀಲಿ ಬಯಲಾದದ್ದು ಸರಿಯಾಗಿ ಈ ತಪ್ಪಿನಿಂದ. ಸೂತ್ರದಲ್ಲಿ ದೋಷವಿರಲಿಲ್ಲ, ಪ್ರತಿ ಸಲ ಬದಲಾಗಬೇಕಾದ ಸಂಖ್ಯೆ ಬದಲಾಗುತ್ತಿರಲಿಲ್ಲ, ಅಷ್ಟೆ. ಲೈಬ್ರರಿಗಳೇ ಕೈಕೊಟ್ಟದ್ದೂ ಉಂಟು. 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಎಂಬ ದೋಷ ಇದ್ದದ್ದು ಓಪನ್ ಎಸ್‌ಎಸ್‌ಎಲ್‌ನಲ್ಲೇ. ಕೇಳಿದವರು ಹೇಳಿದ ಉದ್ದವನ್ನು ತಾಳೆ ನೋಡದೆ ನೆನಪಿನಲ್ಲಿದ್ದದ್ದನ್ನು ಅಳೆದು ಕೊಟ್ಟುಬಿಡುತ್ತಿತ್ತು. ಜಗತ್ತಿನ ಅಷ್ಟೊಂದು ಸರ್ವರ್‌ಗಳು ನೆಚ್ಚಿಕೊಂಡಿದ್ದ ಆ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. ಸಿದ್ಧ ಸರಕು ತಂದರೂ ಆಗಾಗ ಹೊಸ ಆವೃತ್ತಿ ಹಾಕಿಕೊಳ್ಳುತ್ತಿರಬೇಕು.

ಗುಟ್ಟು ಕಾಯ್ದವರಿಗೆ ಸಿಕ್ಕಿದ್ದು

1948ರಲ್ಲಿ ಟ್ಯೂರಿಂಗ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದರು. ಯಂತ್ರ ಯೋಚಿಸಬಲ್ಲದೇ ಎಂದು ಕೇಳುವ ಪ್ರಸಿದ್ಧ ಪ್ರಬಂಧ 1950ರದ್ದು. ಓಟದಲ್ಲೂ ಗಟ್ಟಿಗರು, 1947ರಲ್ಲಿ ಮ್ಯಾರಥಾನ್ ಅನ್ನು 2 ಗಂಟೆ 46 ನಿಮಿಷದಲ್ಲಿ ಮುಗಿಸಿದ್ದರು. 1951ರಲ್ಲಿ ರಾಯಲ್ ಸೊಸೈಟಿಯ ಫೆಲೋ.

1952ರ ಜನವರಿಯಲ್ಲಿ ಮನೆಯಲ್ಲಿ ಕಳ್ಳತನವಾಯಿತು. ಪೊಲೀಸರಿಗೆ ದೂರು ಕೊಟ್ಟರು. ವಿಚಾರಣೆಯಲ್ಲಿ ಕಳ್ಳನಿಗಿಂತ ದೂರು ಕೊಟ್ಟವರೇ ಸಿಕ್ಕಿಬಿದ್ದರು. ಅವರು ಇನ್ನೊಬ್ಬ ಗಂಡಸಿನೊಂದಿಗೆ ಸಂಬಂಧ ಇಟ್ಟುಕೊಂಡಿದ್ದರು, ಅದನ್ನು ಮುಚ್ಚಿಡಲಿಲ್ಲ. 1885ರ ಕಾಯಿದೆಯ ಪ್ರಕಾರ ಅದು ಅಪರಾಧ. ಮಾರ್ಚ್ 31ರಂದು ತೀರ್ಪು. ಜೈಲೋ, ಒಂದು ವರ್ಷದ ಹಾರ್ಮೋನ್ ಚಿಕಿತ್ಸೆಯೋ ಎಂದಾಗ ಚಿಕಿತ್ಸೆಗೆ ಒಪ್ಪಿದರು. ದೇಹ ಊದಿಕೊಂಡಿತು. ಯುದ್ಧದಲ್ಲಿ ಏನು ಮಾಡಿದ್ದರು ಎಂದು ನ್ಯಾಯಾಲಯಕ್ಕೆ ಹೇಳುವಂತಿಲ್ಲ, ಅದು ಸರ್ಕಾರದ ಗುಟ್ಟು. ಗುಪ್ತಲಿಪಿ ಕಚೇರಿಯ ಬಾಗಿಲೂ ಮುಚ್ಚಿತು.

ಇಂಥದ್ದೇ ಕಾನೂನು ನಮ್ಮಲ್ಲೂ ಇತ್ತು. ದಂಡ ಸಂಹಿತೆಯ ಮೊದಲ ಕರಡು ಸಿದ್ಧಪಡಿಸಿದ ಸಮಿತಿಯ ಮುಖ್ಯಸ್ಥ ಮೆಕಾಲೆ 1834ರಲ್ಲಿ ಭಾರತಕ್ಕೆ ಬಂದೊಡನೆ ಕೆಲವು ತಿಂಗಳು ತಂಗಿದ್ದು ನಮ್ಮ ಊಟಿಯಲ್ಲೇ. ಸಂಹಿತೆ 1860ರಲ್ಲಿ ಅಂಗೀಕಾರವಾಯಿತು, ಅದರ 377ನೇ ಕಲಮು 2018ರ ಸೆಪ್ಟೆಂಬರ್ 6ರವರೆಗೆ ವಯಸ್ಕರ ಒಪ್ಪಿತ ಸಂಬಂಧವನ್ನೂ ಅಪರಾಧವೆಂದೇ ಹೇಳುತ್ತಿತ್ತು. ಅಂದು ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಇಂಗ್ಲೆಂಡಿನಲ್ಲಿ 1967ರಲ್ಲೇ ಬದಲಾಗಿತ್ತು.

1954ರ ಜೂನ್ 8ರಂದು ಮನೆಗೆಲಸದಾಕೆ ಬಂದು ನೋಡಿದಾಗ ಟ್ಯೂರಿಂಗ್ ಹಾಸಿಗೆಯಲ್ಲಿ ಸತ್ತು ಮಲಗಿದ್ದರು. ಹಿಂದಿನ ದಿನವೇ ಜೀವ ಹೋಗಿತ್ತು. ಸಯನೈಡ್ ವಿಷ. 42 ತುಂಬಲು ಎರಡು ವಾರ ಉಳಿದಿತ್ತು. ಆತ್ಮಹತ್ಯೆ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ತಾಯಿ ಒಪ್ಪಲಿಲ್ಲ. ರಾಸಾಯನಿಕಗಳ ಪ್ರಯೋಗ ಮಾಡುತ್ತಿದ್ದ ಮಗ ಕೈ ತೊಳೆಯದೆ ಎಡವಟ್ಟು ಮಾಡಿಕೊಂಡ ಎಂದೇ ಆಕೆಯ ನಂಬಿಕೆ.

ಪೋದನೂರಿನಲ್ಲಿ ಹುಟ್ಟಿ, ಕೂನೂರಿನ ತವರಿನಲ್ಲಿ ಚೊಚ್ಚಲು ಹೆತ್ತ ಆ ತಾಯಿ ಮಗನ ಕಾಗದಗಳನ್ನೆಲ್ಲ ಕೂಡಿಹಾಕಿ ಅವನ ಜೀವನ ಚರಿತ್ರೆ ಬರೆದರು. 1959ರಲ್ಲಿ ಅಚ್ಚಾದಾಗ ಅವರಿಗೆ 77 ದಾಟಿತ್ತು. ಆ ಪುಸ್ತಕದಲ್ಲಿ ಯುದ್ಧದ ಕೆಲಸದ ಬಗ್ಗೆ ಹೇಳಲು ಅವರ ಬಳಿ ಏನೂ ಇರಲಿಲ್ಲ. ಮಗ ಅಮ್ಮನಿಗೂ ಬಾಯಿಬಿಟ್ಟಿರಲಿಲ್ಲ. ಎನಿಗ್ಮಾ ಒಡೆದ ಸಂಗತಿ ಹೊರಜಗತ್ತಿಗೆ ತಿಳಿದದ್ದು 1974ರಲ್ಲಿ. ಇನ್ನೆರಡು ವರ್ಷಕ್ಕೆ ತಾಯಿ ತೀರಿಕೊಂಡರು. ಕೂನೂರಿನಲ್ಲಿ ಹುಟ್ಟಿದ ಅಣ್ಣ ಜಾನ್ ವಕೀಲರಾಗಿದ್ದರು, 1983ರಲ್ಲಿ ತೀರಿಕೊಂಡರು. ತಮ್ಮನ ಬಗ್ಗೆ ಅವರು ಬರೆದಿಟ್ಟದ್ದು 2012ರಲ್ಲಿ ತಾಯಿಯ ಪುಸ್ತಕದ ಮರುಮುದ್ರಣದಲ್ಲಿ ಸೇರಿತು.

ಬ್ರಿಟಿಷ್ ಪ್ರಧಾನಿ 2009ರಲ್ಲಿ ಕ್ಷಮೆ ಕೇಳಿದರು. 2013ರ ಡಿಸೆಂಬರಿನಲ್ಲಿ ರಾಣಿಯ ಕ್ಷಮಾದಾನ ಬಂತು. 2021ರ ಜೂನ್ 23ರಂದು, ಅವರ ಹುಟ್ಟುಹಬ್ಬದ ದಿನ, 50 ಪೌಂಡಿನ ನೋಟಿನ ಮೇಲೆ ಅವರ ಮುಖ ಬಂತು. ಅದರಲ್ಲಿ ಬಾಂಬ್ ಯಂತ್ರದ ನಕ್ಷೆಯಿದೆ, ಹುಟ್ಟಿದ ತಾರೀಖನ್ನು ಸೊನ್ನೆ ಒಂದುಗಳಲ್ಲಿ ಬರೆದ ಪಟ್ಟಿಯೂ ಇದೆ.

ಯುದ್ಧಕಾಲದಲ್ಲಿ ಅವರು ಬರೆದ ಎರಡು ಲೇಖನಗಳು, ಒಂದು ಗುಪ್ತಲಿಪಿಗೆ ಸಂಭವನೀಯತೆಯ ಗಣಿತವನ್ನು ಬಳಸುವ ಬಗೆ, ಇನ್ನೊಂದು ಸಂದೇಶಗಳಲ್ಲಿ ಬರುವ ಪುನರಾವರ್ತನೆಗಳ ಲೆಕ್ಕ, ಸರ್ಕಾರದ ಕಪಾಟಿನಲ್ಲೇ ಇದ್ದವು. ಲಂಡನ್ನಿನ ರಾಷ್ಟ್ರೀಯ ಪತ್ರಾಗಾರಕ್ಕೆ ಅವುಗಳನ್ನು ಕೊಟ್ಟದ್ದು 2012ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ ಬರೆದು ಸುಮಾರು 70 ವರ್ಷವಾಗಿತ್ತು.